ಹೃದಯ ಬಸಿದ ರಕ್ತ

ಸುಮ್ಮನೆ ಕೂತಿರುವ ಮನುಷ್ಯನ ಮೈಯಲ್ಲಿ ಎಲ್ಲಕ್ಕಿಂತ ಕಪ್ಪಾದ ರಕ್ತ ಹರಿಯುವುದು ಹೃದಯದ ಹಿಂಬದಿಗೆ ಅಂಟಿಕೊಂಡ ಒಂದು ಗಿಡ್ಡ ಅಭಿಧಮನಿಯಲ್ಲಿ. ಉದ್ದ ಎರಡು ಮೂರು ಸೆಂಟಿಮೀಟರ್, ಹೆಸರು ಕರೊನರಿ ಸೈನಸ್. ಕೈಕಾಲು, ಮಿದುಳು, ಕರುಳು ಎಲ್ಲ ಸುತ್ತಿ ವಾಪಸು ಬಂದ ರಕ್ತದಲ್ಲಿ ಆಮ್ಲಜನಕದ ಮುಕ್ಕಾಲು ಪಾಲು ಇನ್ನೂ ಉಳಿದಿರುತ್ತದೆ. ಹೃದಯದ ಸ್ನಾಯು ಅಷ್ಟು ಉಳಿಸುವುದಿಲ್ಲ. ತನಗೆ ಬಂದ ರಕ್ತದಿಂದ ಶೇ 70ರಷ್ಟು ಆಮ್ಲಜನಕವನ್ನು ಹೀರಿಕೊಂಡ ಮೇಲೆಯೇ ಅದು ರಕ್ತವನ್ನು ಆಚೆಗೆ ಬಿಡುವುದು. ದುಡಿತ ಹೆಚ್ಚಾದಾಗ ಅದೇ ರಕ್ತದಿಂದ ಇನ್ನಷ್ಟು ಹಿಂಡಿಕೊಳ್ಳಲು ಅದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಹೆಚ್ಚು ರಕ್ತವೇ ಬರಬೇಕು.

ನಾನು ಪರ್ಫ್ಯೂಷನಿಸ್ಟ್. ಬೆಂಗಳೂರಿನ ಆಪರೇಷನ್ ಥಿಯೇಟರುಗಳಲ್ಲಿ ಹಾರ್ಟ್-ಲಂಗ್ ಮೆಷಿನ್ ನಡೆಸಿ ಬದುಕಿದವಳು. ಈಗ ನಿವೃತ್ತಳಾಗಿ ಈ ಕಸುಬಿಗೆ ಬರುವ ಹುಡುಗ ಹುಡುಗಿಯರಿಗೆ ಪಾಠ ಹೇಳುತ್ತೇನೆ. ಮೊದಲ ದಿನ ಅವರಿಗೆ ಹೃದಯದ ಚಿತ್ರ ಬರೆಯಲು ಹೇಳುವುದು ನನ್ನ ರೂಢಿ. ಬಲ ಹೃತ್ಕರ್ಣಕ್ಕೆ ಮೇಲಿನಿಂದೊಂದು, ಕೆಳಗಿನಿಂದೊಂದು ದೊಡ್ಡ ನಾಳ ಬರೆಯುತ್ತಾರೆ. ಅದೇ ಕೋಣೆಗೆ ತೆರೆಯುವ ಮೂರನೆಯ ಬಾಯಿ ಯಾರ ಚಿತ್ರದಲ್ಲೂ ಇರುವುದಿಲ್ಲ, ಏಕೆಂದರೆ ಅವರು ಓದಿದ ಪುಸ್ತಕದ ಚಿತ್ರದಲ್ಲೂ ಅದು ಇರಲಿಲ್ಲ. ಹೊರಗಿನ ಮಾತೂ ಹಾಗೇ. ಬ್ಲಾಕ್, ಸ್ಟೆಂಟ್, ಬೈಪಾಸ್ ಎಂದು ರಕ್ತ ಹೃದಯದ ಸ್ನಾಯುವಿಗೆ ಬರುವ ದಾರಿಯದೇ ಸುದ್ದಿ. ಆ ರಕ್ತ ಆಚೆಗೆ ಹೋಗುವ ದಾರಿಗೂ ಮುನ್ನೂರು ವರ್ಷಗಳ ಚರಿತ್ರೆ ಇದೆ. ಅದನ್ನು ಕಂಡವರು, ಇಲ್ಲವೆಂದವರು, ಅದೇ ದಾರಿಯಲ್ಲಿ ಎದುರುಮುಖವಾಗಿ ನಡೆದು ನೋಡಿದವರು ಬಿಟ್ಟುಹೋದ ತಿಳಿವಿನ ಮೇಲೆಯೇ ನನ್ನ ಕಸುಬಿನ ಒಂದು ಮುಖ್ಯ ಭಾಗ ನಿಂತಿದೆ.

ಮೊದಲು ದಾರಿಯನ್ನು ಹೇಳಿಬಿಡುತ್ತೇನೆ. ಹೃದಯದ ತುದಿಯ ಬಳಿ ಹುಟ್ಟುವ ದೊಡ್ಡ ಅಭಿಧಮನಿಯೊಂದು ಮುಂಭಾಗದ ಧಮನಿಯ ಪಕ್ಕದಲ್ಲೇ ಮೇಲಕ್ಕೇರಿ, ಎಡ ಹೃತ್ಕರ್ಣಕ್ಕೂ ಎಡ ಹೃತ್ಕುಕ್ಷಿಗೂ ನಡುವಿನ ತೋಡಿನಲ್ಲಿ ತಿರುಗಿ ಹಿಂದಕ್ಕೆ ಬರುತ್ತದೆ. ಹಿಂದೆ ಬಂದ ಮೇಲೆ ಅಗಲವಾಗಿ ಕರೊನರಿ ಸೈನಸ್ ಆಗುತ್ತದೆ. ಕೆಳಗಿನಿಂದ ಮಧ್ಯದ ಅಭಿಧಮನಿ, ಬಲದಿಂದ ಸಣ್ಣ ಅಭಿಧಮನಿ, ಎಡ ಗೋಡೆಯಿಂದ ಇನ್ನೊಂದೆರಡು ಬಂದು ಸೇರಿ, ಕೊನೆಗೆ ಬಲ ಹೃತ್ಕರ್ಣದಲ್ಲಿ ಕೆಳಗಿನ ಮಹಾಅಭಿಧಮನಿಯ ಬಾಯಿಯ ಹತ್ತಿರವೇ ತೆರೆದುಕೊಳ್ಳುತ್ತವೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 225 ಮಿಲಿಲೀಟರ್ ರಕ್ತ ಹೃದಯದ ಸ್ನಾಯುವಿಗೇ ಮೀಸಲು. ಅದರ ಮುಕ್ಕಾಲು ಪಾಲು ಈ ಬಾಯಿಯಿಂದ ಹೊರಬೀಳುತ್ತದೆ. ಉಳಿದ ಕಾಲು ಭಾಗಕ್ಕೆ ಬೇರೆ ದಾರಿಗಳಿವೆ. ಬಲ ಹೃತ್ಕುಕ್ಷಿಯ ಮುಂಗೋಡೆಯ ಕೆಲವು ಅಭಿಧಮನಿಗಳು ಸೈನಸ್ಸಿನ ಗೊಡವೆಯಿಲ್ಲದೆ ನೇರವಾಗಿ ಬಲ ಹೃತ್ಕರ್ಣವನ್ನು ಸೇರುತ್ತವೆ. ಇನ್ನು ಕಣ್ಣಿಗೆ ಕಾಣಿಸೀತೋ ಇಲ್ಲವೋ ಎನ್ನುವಷ್ಟು ಸಣ್ಣ ನಾಳಗಳು ಹೃದಯದ ಕೋಣೆಗಳ ಒಳಗೋಡೆಗೇ ತೆರೆದುಕೊಂಡಿವೆ. ನಮ್ಮೂರಿನ ಕೆರೆಯಲ್ಲಿ ನೀರು ಬಿಡುವುದು ತೂಬಿನಿಂದ, ಆದರೆ ಏರಿಯ ಮೈಯಿಂದಲೂ ಬಸಿನೀರು ಜಿನುಗುತ್ತಲೇ ಇರುತ್ತದೆ. ಹೃದಯದಲ್ಲೂ ತೂಬು ಇದೆ, ಬಸಿ ಇದೆ.

ಈ ರಕ್ತವನ್ನು ಆಚೆಗೆ ತಳ್ಳುವುದು ಯಾರು? ಹೃದಯದ ಸ್ನಾಯುವೇ. ಅದು ಬಿಗಿಯಾದಾಗ ಒಳಗಿನ ನಾಳಗಳನ್ನು ಹಿಸುಕುತ್ತದೆ. ಆ ಹಿಸುಕಿಗೆ ರಕ್ತ ಅಭಿಧಮನಿಗಳ ಕಡೆಗೆ ಓಡುತ್ತದೆ. ಸಡಿಲವಾದಾಗ ಧಮನಿಗಳಿಂದ ಹೊಸ ರಕ್ತ ಒಳಗೆ ಬರುತ್ತದೆ. ಹಾಗಾಗಿ ಎಡ ಹೃತ್ಕುಕ್ಷಿಯ ಗೋಡೆಗೆ ರಕ್ತ ಬರುವ ಹೊತ್ತು ಒಂದು, ಹೋಗುವ ಹೊತ್ತು ಇನ್ನೊಂದು. ಮೈಗೆಲ್ಲ ರಕ್ತ ಹಂಚುವ ಕ್ಷಣದಲ್ಲೇ ಹೃದಯ ತನ್ನ ಸ್ನಾಯುವಿಗೆ ಮಾತ್ರ ರಕ್ತ ಬರುವುದನ್ನು ತಡೆದಿರುತ್ತದೆ. ಇದನ್ನು 1695ರಲ್ಲೇ ಇಟಲಿಯ ವೈದ್ಯ ಸ್ಕಾರಾಮುಚ್ಚಿ ಊಹಿಸಿ ಬರೆದಿದ್ದ. ಒತ್ತಡ ಅಳೆಯುವ ಸಾಧನ ಕೈಯಲ್ಲಿಲ್ಲದ ಕಾಲದಲ್ಲಿ ಹೀಗೆ ಯೋಚಿಸಿ ಸರಿಯಾದ ಕಡೆಗೆ ಬಂದು ನಿಂತದ್ದು ನನಗೆ ಇಂದಿಗೂ ದೊಡ್ಡ ವಿಷಯ.

ಅದಕ್ಕೂ ಮೊದಲು ವಿಲಿಯಂ ಹಾರ್ವೆ ಇದ್ದರು. 1628ರ ಅವರ ಪುಸ್ತಕ ಮೈಯಲ್ಲಿ ರಕ್ತ ಸುತ್ತುತ್ತದೆಂದು ತೋರಿಸಿತು. ಅದನ್ನು ಒಪ್ಪದ ಪ್ಯಾರಿಸ್ಸಿನ ರಿಯೋಲಾನರಿಗೆ 1649ರಲ್ಲಿ ಬರೆದ ಉತ್ತರದಲ್ಲಿ, ಹೃದಯದ ಮೈಯಲ್ಲೇ ಇನ್ನೊಂದು ಸಣ್ಣ ಸುತ್ತು ಇದೆ ಎಂಬ ಮಾತೂ ಬಂತು. ಮಾತು ಬಂತೇ ಹೊರತು ಆ ಸುತ್ತು ಎಲ್ಲಿ ಹೇಗೆ ಮುಗಿಯುತ್ತದೆ ಎಂದು ಯಾರೂ ಬೆರಳಿಟ್ಟು ತೋರಿಸಿರಲಿಲ್ಲ.

ತೋರಿಸಿದವರು ಇಬ್ಬರು, ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ. ಒಬ್ಬರು ಫ್ರಾನ್ಸಿನ ಮೊಂಪೆಲಿಯೆಯ ರೇಮಂಡ್ ವ್ಯೂಸೆನ್ಸ್. ಆಗಲೇ ವಯಸ್ಸು ಅರವತ್ತು ದಾಟಿತ್ತು. ಸತ್ತವರ ಹೃದಯದ ಧಮನಿಗೆ ಬಣ್ಣದ ದ್ರವ ಹಾಯಿಸಿದಾಗ ಅದು ಅಭಿಧಮನಿಗಳಿಗೆ ಮಾತ್ರವಲ್ಲದೆ ಹೃದಯದ ಕೋಣೆಗಳ ಒಳಕ್ಕೂ ಜಿನುಗಿದ್ದನ್ನು ಅವರು 1706ರ ಸುಮಾರಿಗೆ ಪ್ರಕಟಿಸಿದರು. ಇನ್ನೊಬ್ಬ ಆಡಂ ಕ್ರಿಸ್ಟಿಯನ್ ಥೆಬೆಸಿಯಸ್. ಸೈಲೀಶಿಯಾದಲ್ಲಿ 1686ರಲ್ಲಿ ಹುಟ್ಟಿ, ಹಾಲೆಂಡಿನ ಲೈಡನ್ನಿಗೆ ವೈದ್ಯ ಕಲಿಯಲು ಬಂದಿದ್ದ ಹುಡುಗ. 1708ರಲ್ಲಿ ಪದವಿಗಾಗಿ ಬರೆದ ಸಣ್ಣ ಪ್ರಬಂಧದ ವಿಷಯವೇ ಹೃದಯದಲ್ಲಿ ರಕ್ತದ ಸುತ್ತು. ಆತ ಹಿಡಿದದ್ದು ಎದುರು ದಿಕ್ಕು. ಧಮನಿಯನ್ನು ಬಿಟ್ಟು ಅಭಿಧಮನಿಗೆ ದ್ರವ ಹಾಯಿಸಿದ. ಅದು ಕೋಣೆಗಳ ಒಳಗೋಡೆಯ ಸಣ್ಣ ತೂತುಗಳಿಂದ ಹೊರಬಂತು. ಸೈನಸ್ಸಿನ ಬಾಯಲ್ಲಿರುವ ತೆಳು ಪೊರೆಯಂಥ ಕವಾಟವನ್ನೂ ವಿವರಿಸಿದ. ಇವತ್ತು ಆ ಕವಾಟಕ್ಕೂ ಆ ಸಣ್ಣ ನಾಳಗಳಿಗೂ ಅವನದೇ ಹೆಸರು. ದೊಡ್ಡ ಅಭಿಧಮನಿ ಸೈನಸ್ಸಿಗೆ ಸೇರುವಲ್ಲಿರುವ ಕವಾಟಕ್ಕೆ ವ್ಯೂಸೆನ್ಸ್ ಹೆಸರು. ಸೈನಸ್ಸಿನ ಎರಡು ತುದಿಯಲ್ಲಿ ಇಬ್ಬರೂ ಹೀಗೆ ಉಳಿದುಕೊಂಡಿದ್ದಾರೆ.

ಥೆಬೆಸಿಯಸ್ ಮುಂದೆ ದೊಡ್ಡ ವಿಶ್ವವಿದ್ಯಾಲಯ ಸೇರಲಿಲ್ಲ. ಹಿರ್ಷ್‌ಬರ್ಗ್ ಎಂಬ ಊರಿನಲ್ಲಿ, ಈಗ ಅದು ಪೋಲೆಂಡಿನ ಯೆಲೆನ್ಯಾ ಗೂರಾ, ವೈದ್ಯನಾಗಿದ್ದು 1732ರಲ್ಲಿ ತೀರಿಕೊಂಡ. ಇಪ್ಪತ್ತೆರಡರ ವಯಸ್ಸಿನಲ್ಲಿ ಕಂಡ ತೂತುಗಳ ಬಗ್ಗೆ ಎರಡು ಶತಮಾನ ಜನ ಜಗಳವಾಡಿದರು. ದ್ರವವನ್ನು ಜೋರಾಗಿ ತಳ್ಳಿದ್ದರಿಂದ ನಾಳ ಒಡೆದು ಕೋಣೆಯೊಳಗೆ ಬಂದಿರಬೇಕು ಎನ್ನುವ ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂಥದ್ದಾಗಿರಲಿಲ್ಲ. 1798ರಲ್ಲಿ ಲಂಡನ್ನಿನ ಸರ್ಜನ್ ಜಾನ್ ಅಬರ್ನೆಥಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಈ ತೂತುಗಳ ಬಗ್ಗೆಯೇ ಬರೆದರು. ಶ್ವಾಸಕೋಶದ ಕಾಯಿಲೆಯಿಂದ ಸತ್ತವರ ಹೃದಯದಲ್ಲಿ ದ್ರವ ಈ ದಾರಿಯಿಂದ ಹೆಚ್ಚು ಸಲೀಸಾಗಿ ಕೋಣೆಗೆ ಬರುತ್ತದೆ ಎನ್ನುವುದು ಅವರು ಗಮನಿಸಿದ ಸಂಗತಿ. ಬಲಗಡೆಯಲ್ಲಿ ಒತ್ತಡ ಏರಿ ಸೈನಸ್ಸಿಗೆ ಖಾಲಿಯಾಗಲು ಕಷ್ಟವಾದಾಗ ಈ ಸಣ್ಣ ದಾರಿಗಳು ಭಾರ ಇಳಿಸುತ್ತವೆ ಎಂದು ಯೋಚಿಸಿದವರು ಅವರು.

ಈ ಬಸಿಯನ್ನು ನಾವು ಕಸುಬಿನವರು ದಿನವೂ ಕಾಣುತ್ತೇವೆ. ಮೆಷಿನ್ ಎಲ್ಲ ರಕ್ತವನ್ನೂ ತಾನೇ ಎಳೆದುಕೊಂಡು ಮೈಗೆ ಹಂಚುತ್ತಿರುವಾಗ ಹೃದಯ ಖಾಲಿಯಾಗಿರಬೇಕು. ಆದರೂ ಎಡ ಹೃತ್ಕುಕ್ಷಿ ಮೆಲ್ಲಗೆ ತುಂಬುತ್ತದೆ. ಶ್ವಾಸನಾಳದ ರಕ್ತ ಒಂದಿಷ್ಟು, ಥೆಬೆಸಿಯಸ್‌ನ ನಾಳಗಳದ್ದು ಒಂದಿಷ್ಟು. ಅದನ್ನು ಹೊರಗೆಳೆಯಲು ಒಂದು ಸಣ್ಣ ಟ್ಯೂಬ್ ಹಾಕಿರುತ್ತೇವೆ, ಅದಕ್ಕೆ ವೆಂಟ್ ಅನ್ನುತ್ತೇವೆ. ವೆಂಟ್ ಕೆಲಸ ನಿಲ್ಲಿಸಿದರೆ ನಿಂತ ಹೃದಯ ಉಬ್ಬಿ, ಸ್ನಾಯು ಹಿಗ್ಗಿ ಕೆಡುತ್ತದೆ. ಅದಕ್ಕೇ ಪಂಪಿನ ಆ ರೋಲರ್ ಮೇಲೆ ಒಂದು ಕಣ್ಣು ಸದಾ ಇರಬೇಕು. ಆರೋಗ್ಯವಂತರ ಧಮನಿಯ ರಕ್ತದಲ್ಲೂ ಆಮ್ಲಜನಕ ಪೂರ್ತಿ ನೂರಕ್ಕೆ ನೂರು ಇರದಿರುವುದಕ್ಕೆ ಎಡಗಡೆಗೆ ಬೆರೆಯುವ ಈ ಕಪ್ಪು ಹನಿಗಳೂ ಒಂದು ಕಾರಣ.

ತೂತುಗಳ ಬಗೆಗಿನ ಆ ಹಳೆಯ ಜಗಳವನ್ನು ಬದುಕಿರುವ ಹೃದಯದ ಮೇಲೆ ನೋಡಿ ಪರಿಹರಿಸಲು ಹೊರಟವರು ಫ್ರೆಡರಿಕ್ ಪ್ರಾಟ್, 1898ರಲ್ಲಿ, ಹಾರ್ವರ್ಡಿನಲ್ಲಿ. ದೇಹದಿಂದ ಹೊರತೆಗೆದ ಹೃದಯವನ್ನು ಧಮನಿಯ ಮೂಲಕ ರಕ್ತ ಕೊಟ್ಟು ಬಡಿಸುವ ವಿಧಾನವನ್ನು ಜರ್ಮನಿಯ ಲಾಂಗೆನ್‌ಡಾರ್ಫ್ ಮೂರು ವರ್ಷ ಮೊದಲೇ ಬಳಕೆಗೆ ತಂದಿದ್ದರು. ಪ್ರಾಟ್ ಬೆಕ್ಕಿನ ಹೃದಯವನ್ನು ತೆಗೆದುಕೊಂಡು ಧಮನಿಗಳಿಗೆ ಏನೂ ಕೊಡಲಿಲ್ಲ. ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ಬಲ ಹೃತ್ಕುಕ್ಷಿಯ ಕೋಣೆಗೆ ತುಂಬಿದರು. ಹೃದಯ ಬಡಿಯಿತು, ಗಂಟೆಗಟ್ಟಲೆ ಬಡಿಯಿತು. ಕೋಣೆಯ ಒಳಗಿನಿಂದ ಸಣ್ಣ ತೂತುಗಳ ಮೂಲಕ ರಕ್ತ ಸ್ನಾಯುವಿಗೆ ಹೋಗುತ್ತಿತ್ತು. ಅಭಿಧಮನಿಗಳಿಂದ ಹಿಮ್ಮುಖವಾಗಿ ಕೊಟ್ಟು ನೋಡಿದಾಗಲೂ ಹೃದಯ ಬಡಿಯಿತು. ಹೊರಹೋಗುವ ದಾರಿಯಿಂದ ಒಳಗೂ ಬರಬಹುದು ಎನ್ನುವುದಕ್ಕೆ ಕಣ್ಣೆದುರಿನ ಸಾಕ್ಷಿ ಸಿಕ್ಕಿತು. ಧಮನಿಗಳು ಮುಚ್ಚಿಕೊಂಡವರ ಹೃದಯಕ್ಕೆ ಇದರಿಂದ ಏನಾದರೂ ಆದೀತೇ ಎಂದು ಕೇಳುವವರು ಹುಟ್ಟಿಕೊಳ್ಳುವುದು ಸಹಜವೇ.

ಆ ಪ್ರಶ್ನೆಗೆ ಇನ್ನೊಂದು ಬಲವಾದ ಕಾರಣವಿತ್ತು. ಕೊಬ್ಬು ಕಟ್ಟಿ ಗಟ್ಟಿಯಾಗುವ ಕಾಯಿಲೆ ಹೃದಯದ ಧಮನಿಗಳನ್ನು ಹಿಡಿಯುತ್ತದೆ. ಪಕ್ಕದಲ್ಲೇ ಹರಿಯುವ ಅಭಿಧಮನಿಗಳನ್ನು ಮುಟ್ಟುವುದಿಲ್ಲ. ಅವುಗಳಲ್ಲಿ ಒತ್ತಡ ಬಹಳ ಕಡಿಮೆ. ಮೂರು ಧಮನಿಯೂ ಕಟ್ಟಿಹೋದ ಎಪ್ಪತ್ತರ ಮನುಷ್ಯನ ಎದೆ ತೆರೆದರೂ ಅಭಿಧಮನಿಗಳು ಮೆತ್ತಗೆ, ತೆಳ್ಳಗೆ, ನೀಲಿಯಾಗಿ ಇರುವುದನ್ನು ನಾನು ಮೆಷಿನ್ ಪಕ್ಕದಿಂದ ಕತ್ತು ಚಾಚಿ ನೋಡಿದ್ದೇನೆ. ತೆರೆದಿರುವ ದಾರಿ ಅದೊಂದೇ ಎಂದಾಗ ಅದರ ಮೇಲೆ ಆಸೆ ಹುಟ್ಟುವುದು ತಪ್ಪಲ್ಲ.

ಆ ಆಸೆಯನ್ನು ಅತಿ ದೂರ ಕೊಂಡೊಯ್ದವರು ಅಮೆರಿಕದ ಕ್ಲೀವ್‌ಲೆಂಡಿನ ಸರ್ಜನ್ ಕ್ಲಾಡ್ ಬೆಕ್. ಆಪರೇಷನ್ ಟೇಬಲ್ ಮೇಲೆ ನಿಂತುಹೋದ ಹೃದಯಕ್ಕೆ 1947ರಲ್ಲಿ ವಿದ್ಯುತ್ ಕೊಟ್ಟು ಮನುಷ್ಯನನ್ನು ಮೊದಲ ಬಾರಿಗೆ ಬದುಕಿಸಿದವರು ಎಂದು ಅವರ ಹೆಸರು ಎಲ್ಲ ಪುಸ್ತಕದಲ್ಲೂ ಇದೆ. ನನಗೆ ಅವರು ಬೇಕಾದವರು ಬೇರೆ ಕಾರಣಕ್ಕೆ. 1935ರಿಂದಲೇ ಅವರು ಹೃದಯಕ್ಕೆ ಹೊಸ ರಕ್ತ ತರುವ ದಾರಿ ಹುಡುಕುತ್ತಿದ್ದರು. ಎದೆಯ ಸ್ನಾಯುವನ್ನು ಹೃದಯದ ಮೇಲೆ ಹೊದಿಸಿದರು. ಹೃದಯದ ಮೈಯನ್ನು ಕೆರೆದು, ಮೇಲೆ ಕಲ್ನಾರಿನ ಪುಡಿ ಉದುರಿಸಿ, ಉರಿಯೂತ ಬರಿಸಿ ಹೊಸ ನಾಳ ಬೆಳೆಯಲಿ ಎಂದು ಕಾದರು. ನ್ಯೂಯಾರ್ಕಿನ ಲೂಯಿಸ್ ಗ್ರಾಸ್ ನಾಯಿಗಳಲ್ಲಿ ಸೈನಸ್ಸನ್ನೇ ಕಟ್ಟಿ, ರಕ್ತ ಬೇಗ ಆಚೆಗೆ ಹೋಗದಂತೆ ತಡೆದು, ಸ್ನಾಯುವಿನಲ್ಲೇ ಹೆಚ್ಚು ಹೊತ್ತು ನಿಲ್ಲಿಸಿದರೆ ಉಪಯೋಗವಾದೀತೇ ಎಂದು ಅದೇ ದಶಕದಲ್ಲಿ ನೋಡುತ್ತಿದ್ದರು.

1948ರಲ್ಲಿ ಬೆಕ್ ಇನ್ನೂ ಧೈರ್ಯದ ಕೆಲಸಕ್ಕೆ ಇಳಿದರು. ಎರಡು ಹಂತದ ಆಪರೇಷನ್. ಮೊದಲ ಸಲ ರೋಗಿಯ ಕೈಯ ಧಮನಿಯ ತುಂಡನ್ನೋ ಅಭಿಧಮನಿಯ ತುಂಡನ್ನೋ ತೆಗೆದು ಮಹಾಧಮನಿಯಿಂದ ಕರೊನರಿ ಸೈನಸ್ಸಿಗೆ ಜೋಡಿಸುವುದು. ಕೆಲವು ವಾರ ಕಳೆದು ಮತ್ತೆ ಎದೆ ತೆರೆದು ಸೈನಸ್ಸಿನ ಬಾಯನ್ನು 3 ಮಿಲಿಮೀಟರಿನಷ್ಟು ಬಿಟ್ಟು ಬಿಗಿದುಬಿಡುವುದು. ಹೀಗೆ ಮಾಡಿದರೆ ಮಹಾಧಮನಿಯ ಕೆಂಪು ರಕ್ತ ಅಭಿಧಮನಿಗಳ ಮೂಲಕ ಹಿಂದಕ್ಕೆ ಹರಿದು ಸ್ನಾಯುವನ್ನು ತಲುಪಬೇಕು. ಎರಡು ಹಂತ ಏಕೆ ಬೇಕೆಂದರೆ, ಧಮನಿಯ ಒತ್ತಡವನ್ನು ಅಭಿಧಮನಿಗಳು ಒಮ್ಮೆಲೇ ತಾಳಲಾರವು. ಗೋಡೆ ದಪ್ಪವಾಗಲು ಸಮಯ ಕೊಡಬೇಕಿತ್ತು. ಆ ದಪ್ಪವಾಗುವಿಕೆಯೇ ಮುಂದೆ ಶತ್ರುವಾಯಿತು. ಎಷ್ಟೋ ಜೋಡಣೆಗಳು ಹೆಪ್ಪುಗಟ್ಟಿ ಮುಚ್ಚಿದವು, ಅಭಿಧಮನಿಗಳ ಒಳಪದರ ಬೆಳೆದು ದಾರಿ ಕಿರಿದಾಯಿತು, ಟೇಬಲ್ ಮೇಲೆ ಸತ್ತವರ ಸಂಖ್ಯೆಯೂ ಒಪ್ಪುವಂಥದ್ದಾಗಿರಲಿಲ್ಲ. 1950ರ ದಶಕದ ನಡುವಿಗೆ ಬೆಕ್ ಈ ಆಪರೇಷನ್ ಕೈಬಿಟ್ಟು ತಮ್ಮ ಹಳೆಯ ವಿಧಾನಕ್ಕೆ ಮರಳಿದರು.

ಬೆಕ್ ಕೆಲಸ ವಿಫಲವಾಯಿತೆಂದು ಒಂದು ಸಾಲಿನಲ್ಲಿ ಮುಗಿಸುವ ಪುಸ್ತಕಗಳನ್ನು ಓದಿದಾಗ ನನಗೆ ಸಂಕಟವಾಗುತ್ತದೆ. ಹಾರ್ಟ್-ಲಂಗ್ ಮೆಷಿನ್ ಇಟ್ಟುಕೊಂಡು ಜಾನ್ ಗಿಬ್ಬನ್ ಫಿಲಡೆಲ್ಫಿಯಾದಲ್ಲಿ ಮೊದಲ ಸಲ ಯಶಸ್ಸು ಕಂಡದ್ದು 1953ರ ಮೇ 6ರಂದು. ಬೆಕ್ ಆ ಸೂಕ್ಷ್ಮ ಹೊಲಿಗೆಗಳನ್ನು ಅದಕ್ಕೂ ಐದು ವರ್ಷ ಮೊದಲು, ಬಡಿಯುತ್ತಿರುವ ಹೃದಯದ ಹಿಂಬದಿಯಲ್ಲಿ ಹಾಕಿದರು. ಯಾವ ಧಮನಿ ಎಲ್ಲಿ ಕಟ್ಟಿದೆ ಎಂದು ತೋರಿಸುವ ಚಿತ್ರವೂ ಅವರ ಬಳಿ ಇರಲಿಲ್ಲ. ಅದನ್ನು 1958ರಲ್ಲಿ ಅದೇ ಊರಿನ ಕ್ಲೀವ್‌ಲೆಂಡ್ ಕ್ಲಿನಿಕ್ಕಿನಲ್ಲಿ ಮೇಸನ್ ಸೋನ್ಸ್ ತಂದುಕೊಟ್ಟರು. 1967ರಲ್ಲಿ ಅಲ್ಲೇ ರೆನೆ ಫವಲೋರೊ ಕಾಲಿನ ಅಭಿಧಮನಿಯನ್ನು ತೆಗೆದು ಕಟ್ಟಿದ ಧಮನಿಗೆ ಬೈಪಾಸ್ ಮಾಡಿದ ಮೇಲೆ ಎಲ್ಲರ ಗಮನವೂ ಧಮನಿಯ ಕಡೆಗೆ ತಿರುಗಿತು. ಆ ಕಾಲಿನ ಅಭಿಧಮನಿಗೂ ಧಮನಿಯ ಒತ್ತಡ ಹೊತ್ತ ಕೆಲವು ವರ್ಷಗಳಲ್ಲಿ ಧಮನಿಯ ಕಾಯಿಲೆ ಬರುತ್ತದೆ ಎಂದು ಮುಂದೆ ಎಲ್ಲರೂ ಕಂಡರು. ಬೆಕ್ ಅದನ್ನು ಸೈನಸ್ಸಿನಲ್ಲಿ ಮೊದಲೇ ಕಂಡಿದ್ದರು.

ಥೆಬೆಸಿಯಸ್‌ನ ಸಣ್ಣ ತೂತುಗಳ ಕಥೆ ಒಂದು ಕವಲಾಗಿ ನಮ್ಮ ದೇಶಕ್ಕೂ ಬಂತು. 1933ರಲ್ಲಿ ಅಮೆರಿಕದ ಜೋಸೆಫ್ ವರ್ನ್ ಮತ್ತು ಜೊತೆಗಾರರು ಧಮನಿಯಿಂದ ನೇರವಾಗಿ ಕೋಣೆಗೆ ಸೇರುವ ಸೂಕ್ಷ್ಮ ದಾರಿಗಳೂ ಇವೆ ಎಂದು ವಿವರಿಸಿದ್ದರು. ಮುಂಬೈ ಪರೇಲಿನ ಕೆಇಎಂ ಆಸ್ಪತ್ರೆಯ ಪ್ರಫುಲ್ಲ ಕುಮಾರ್ ಸೇನ್ ಇನ್ನೊಂದು ಕಡೆಯಿಂದ ನೋಡಿದರು. ಹಾವು ಮೊದಲಾದ ಸರೀಸೃಪಗಳ ಹೃದಯದ ಗೋಡೆ ಸ್ಪಂಜಿನಂತಿದ್ದು, ಕೋಣೆಯೊಳಗಿನ ರಕ್ತವೇ ನೇರವಾಗಿ ಸ್ನಾಯುವಿಗೆ ಇಳಿಯುತ್ತದೆ. ಮನುಷ್ಯನ ಎಡ ಹೃತ್ಕುಕ್ಷಿಯ ಗೋಡೆಗೂ ಸೂಜಿಯಿಂದ ಸಣ್ಣ ಸಣ್ಣ ತೂತು ಹಾಕಿದರೆ ಅದೇ ಏರ್ಪಾಡು ಆದೀತೇ? ಸೇನ್ ಮತ್ತು ಸಂಗಡಿಗರು ಇದನ್ನು ಪ್ರಯೋಗ ಮಾಡಿ 1965ರಲ್ಲಿ ಅಮೆರಿಕದ ಹೃದಯ ಶಸ್ತ್ರಚಿಕಿತ್ಸೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂರು ವರ್ಷದ ನಂತರ, 1968ರ ಫೆಬ್ರುವರಿಯಲ್ಲಿ ಭಾರತದ ಮೊದಲ ಹೃದಯ ಕಸಿಯನ್ನು ಮಾಡಿದವರೂ ಇದೇ ಸೇನ್. ಸೂಜಿಯ ತೂತುಗಳನ್ನು ಮುಂದೆ ಲೇಸರ್ ಹಾಕಲು ಶುರು ಮಾಡಿತು. 1998ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿಯೂ ಸಿಕ್ಕಿತು. ತೂತುಗಳು ಬೇಗನೆ ಮುಚ್ಚಿಕೊಳ್ಳುತ್ತವೆ ಎನ್ನುವುದು ಗೊತ್ತಾಗಿ ಆ ಚಿಕಿತ್ಸೆ ಹೆಚ್ಚು ಬಾಳಲಿಲ್ಲ. ಮುಂಬೈಯ ಅಷ್ಟು ಕಡಿಮೆ ಸೌಕರ್ಯದಲ್ಲಿ ಹಾವಿನ ಹೃದಯದಿಂದ ಮನುಷ್ಯನ ಹೃದಯಕ್ಕೆ ಯೋಚನೆ ಹಾಯಿಸಿದ ಆ ಮನಸ್ಸನ್ನು ನಮ್ಮ ಹುಡುಗರು ತಿಳಿದಿರಬೇಕು ಎಂದು ನಾನು ಪಟ್ಟು ಹಿಡಿದು ಪಾಠದಲ್ಲಿ ಸೇರಿಸಿದ್ದೇನೆ.

ಈಗ ನನ್ನ ಕಸುಬಿಗೆ ಬರುತ್ತೇನೆ. ಬೆಕ್ ಕಾಯಿಲೆಗೆ ಔಷಧವಾಗಿ ಹುಡುಕಿದ ಎದುರುದಾರಿ, ಆಪರೇಷನ್ ನಡೆಯುವ ಒಂದೆರಡು ಗಂಟೆ ಹೃದಯವನ್ನು ಕಾಯುವ ದಾರಿಯಾಗಿ ಉಳಿಯಿತು. 1956ರಲ್ಲಿ ಮಿನಿಯಾಪೊಲಿಸ್ಸಿನಲ್ಲಿ ವಾಲ್ಟನ್ ಲಿಲ್ಲೆಹೈ ಮತ್ತು ಜೊತೆಗಾರರು ಮಹಾಧಮನಿಯ ಕವಾಟದ ಆಪರೇಷನ್ ಮಾಡುತ್ತಿದ್ದರು. ಮಹಾಧಮನಿಯನ್ನೇ ಕತ್ತರಿಸಿ ತೆರೆದಾಗ ಹೃದಯದ ಧಮನಿಗಳಿಗೆ ರಕ್ತ ಕೊಡುವುದು ಎಲ್ಲಿಂದ? ಅವರು ಆಮ್ಲಜನಕ ತುಂಬಿದ ರಕ್ತವನ್ನು ಕರೊನರಿ ಸೈನಸ್ಸಿನಿಂದ ಹಿಮ್ಮುಖವಾಗಿ ಹಾಯಿಸಿದರು. ಆ ಮೇಲೆ ಹೃದಯವನ್ನು ತಂಪು ಮಾಡಿ ಪೊಟ್ಯಾಸಿಯಂ ದ್ರಾವಣದಿಂದ ನಿಲ್ಲಿಸುವ ಪದ್ಧತಿ ಬೇರೂರಿತು, ಅದನ್ನು ಧಮನಿಯಿಂದಲೇ ಕೊಡುವುದು ರೂಢಿಯಾಯಿತು, ಸೈನಸ್ ಮತ್ತೆ ಮರೆಗೆ ಸರಿಯಿತು. 1980ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಫಿಲಿಪ್ ಮೆನಾಶೆ ಮೊದಲಾದವರು ಅದನ್ನು ವಾಪಸು ತಂದರು. ನಾನು ಕಸುಬು ಕಲಿಯುವ ಹೊತ್ತಿಗೆ ಹೀಗೆ ಹಿಮ್ಮುಖವಾಗಿ ಕೊಡುವುದಕ್ಕೆ ಥಿಯೇಟರಿನಲ್ಲಿ 'ರೆಟ್ರೋ' ಎಂಬ ಮಾತು ದಿನನಿತ್ಯದ್ದಾಗಿತ್ತು.

ಮಾಡುವ ಬಗೆ ಹೀಗೆ. ಬಲ ಹೃತ್ಕರ್ಣದ ಗೋಡೆಯಲ್ಲಿ ಒಂದು ಸಣ್ಣ ರಂಧ್ರ ಮಾಡಿ ಸರ್ಜನ್ ತುದಿಯಲ್ಲಿ ಬಲೂನ್ ಇರುವ ಕ್ಯಾನುಲಾ ಎಂಬ ತೆಳು ಕೊಳವೆಯನ್ನು ಒಳಗೆ ಬಿಡುತ್ತಾರೆ. ಬಾಯಿ ಕಣ್ಣಿಗೆ ಕಾಣುವುದಿಲ್ಲ. ಎಡಗೈಯ ಬೆರಳನ್ನು ಹೃದಯದ ಹಿಂದೆ ಇಟ್ಟು, ತುದಿ ಥೆಬೆಸಿಯಸ್‌ನ ಕವಾಟವನ್ನು ದಾಟಿ ಸೈನಸ್ಸಿನೊಳಕ್ಕೆ ಜಾರಿದ್ದನ್ನು ಬೆರಳಿನಿಂದಲೇ ಅರಿಯಬೇಕು. ಕೆಲವರಲ್ಲಿ ಆ ಕವಾಟ ದೊಡ್ಡದಾಗಿದ್ದು ಬಾಯಿಗೆ ಅಡ್ಡ ನಿಂತುಬಿಡುತ್ತದೆ. ಒಳಗೆ ಸೇರಿದ ಮೇಲೆ ಕೆಲಸ ನನ್ನದು.

"ರೆಟ್ರೋ ಕೊಡಿ ಮೇಡಂ. ಪ್ರೆಶರ್ ಎಷ್ಟು?"

"ಮೂವತ್ತೈದು, ಸರ್. ಫ್ಲೋ ಇನ್ನೂರು."

ಈ ಎರಡು ಅಂಕಿಯಲ್ಲಿ ಎಲ್ಲವೂ ಅಡಗಿದೆ. ಅಭಿಧಮನಿಯ ಗೋಡೆ ತೆಳು, ಒತ್ತಡ 40 ದಾಟಿದರೆ ಊತ ಬರುತ್ತದೆ, ಇನ್ನೂ ಏರಿದರೆ ಸೈನಸ್ಸೇ ಹರಿಯಬಹುದು. ಫ್ಲೋ ಚೆನ್ನಾಗಿದ್ದೂ ಒತ್ತಡ ಏರದೇ ಇದ್ದರೆ ತುದಿ ಜಾರಿ ಹೃತ್ಕರ್ಣಕ್ಕೆ ಬಂದಿದೆ ಎಂದರ್ಥ. ದ್ರಾವಣವೆಲ್ಲ ಕೋಣೆಗೆ ಸುರಿಯುತ್ತಿರುತ್ತದೆ, ಸ್ನಾಯುವಿಗೆ ಹನಿಯೂ ಹೋಗುತ್ತಿರುವುದಿಲ್ಲ. ಎಲ್ಲವೂ ಸರಿಯಾಗಿದ್ದಾಗ ಕಾಣುವ ನೋಟ ನಾನು ಮರೆಯುವಂಥದ್ದಲ್ಲ. ಹೃದಯದ ಮೇಲಿನ ನೀಲಿ ಅಭಿಧಮನಿಗಳು ಒಂದೊಂದಾಗಿ ಉಬ್ಬಿ ಕೆಂಪಾಗುತ್ತವೆ. ತೆರೆದ ಮಹಾಧಮನಿಯೊಳಗೆ, ಧಮನಿಗಳ ಬಾಯಿಂದ, ಕಪ್ಪು ರಕ್ತ ತೊಟ್ಟಿಕ್ಕಲು ಶುರುವಾಗುತ್ತದೆ. ಧಮನಿಯಿಂದ ಕಪ್ಪು ರಕ್ತ ಬಂದರೆ ಸ್ನಾಯು ಆಮ್ಲಜನಕ ತೆಗೆದುಕೊಂಡಿದೆ, ಬದುಕಿದೆ. ಹೊಸ ಹುಡುಗರನ್ನು ಕರೆದು ಅದನ್ನೇ ಮೊದಲು ತೋರಿಸುತ್ತಿದ್ದೆ.

ಈ ದಾರಿಗೆ ಒಂದು ಮಿತಿಯೂ ಇದೆ, ಅದನ್ನು ಹೇಳುವುದು ಹಳೆಯ ಅಂಗರಚನೆಯೇ. ಬಲ ಹೃತ್ಕುಕ್ಷಿಯ ಮುಂಗೋಡೆಯ ಅಭಿಧಮನಿಗಳು ಸೈನಸ್ಸಿಗೆ ಸೇರುವುದಿಲ್ಲ ಎಂದೆನಲ್ಲ, ಅದರಿಂದ ಸೈನಸ್ಸಿಗೆ ಕೊಟ್ಟ ದ್ರಾವಣ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಜೊತೆಗೆ ಕೊಟ್ಟದ್ದರಲ್ಲಿ ಒಂದು ಭಾಗ ಥೆಬೆಸಿಯಸ್‌ನ ತೂತುಗಳಿಂದ ಕೋಣೆಗೆ ಸೋರಿಹೋಗುತ್ತದೆ. ಬಲಗಡೆ ಕಾಪಾಡಲು ಧಮನಿಯಿಂದಲೂ ಕೊಡಬೇಕು, ಮೇಲೆ ಐಸ್ ಇಡಬೇಕು. 1708ರ ಪ್ರಬಂಧದಲ್ಲಿ ಕಂಡ ತೂತುಗಳನ್ನು ಲೆಕ್ಕಕ್ಕೆ ತೆಗೆದುಕೊಂಡೇ ನಾವು ದ್ರಾವಣದ ಪ್ರಮಾಣ ನಿರ್ಧರಿಸುತ್ತಿದ್ದೆವು.

ಸೈನಸ್ಸಿನ ಇನ್ನೊಂದು ಹಳೆಯ ಗುಟ್ಟು ಎದುರಾದ ದಿನವೂ ನೆನಪಿದೆ. ಒಬ್ಬ ಹುಡುಗಿಗೆ ಹೃತ್ಕರ್ಣಗಳ ನಡುವಿನ ಗೋಡೆಯ ತೂತು ಮುಚ್ಚಬೇಕಿತ್ತು. ಎರಡೂ ಮಹಾಅಭಿಧಮನಿಗೆ ಕ್ಯಾನುಲಾ ಹಾಕಿ, ಸುತ್ತ ಬಿಗಿದು, ಬಲ ಹೃತ್ಕರ್ಣ ತೆರೆದರು. ಒಳಗೆ ಒಣಗಿರಬೇಕಿತ್ತು, ಕಪ್ಪು ರಕ್ತ ತುಂಬಿ ತುಂಬಿ ಬಂತು.

"ಇಷ್ಟೊಂದು ಎಲ್ಲಿಂದ ಬರ್ತಿದೆ?" ಎಂದರು ಸರ್ಜನ್.

"ಸೈನಸ್ ನೋಡಿ ಸರ್. ಎಡಗಡೆ ಒಂದು ಎಸ್‌ವಿಸಿ ಇರಬೇಕು."

ಇತ್ತು. ಗರ್ಭದಲ್ಲಿ ಎಲ್ಲರಿಗೂ ಎಸ್‌ವಿಸಿ, ಅಂದರೆ ಮೇಲಿನಿಂದ ಇಳಿಯುವ ದೊಡ್ಡ ಅಭಿಧಮನಿ, ಎರಡಿರುತ್ತವೆ. ಎಡಗಡೆಯದು ಕ್ರಮೇಣ ಮುದುಡಿ ಸಣ್ಣದೊಂದು ಎಳೆಯಾಗಿ ಉಳಿಯುತ್ತದೆ, ಅದರ ಕೆಳತುದಿಯೇ ಕರೊನರಿ ಸೈನಸ್. ಸಾವಿರಕ್ಕೆ ಮೂರರಿಂದ ಐದು ಜನರಲ್ಲಿ ಅದು ಮುದುಡದೆ ಹಾಗೇ ಇದ್ದುಬಿಡುತ್ತದೆ. ಆಗ ಎಡಗೈ ಮತ್ತು ತಲೆಯ ಎಡಭಾಗದ ರಕ್ತವೆಲ್ಲ ಸೈನಸ್ಸಿಗೇ ಬರುತ್ತದೆ, ಸೈನಸ್ ದೊಡ್ಡ ಕಾಲುವೆಯಷ್ಟು ಅಗಲವಾಗುತ್ತದೆ. ಆ ದಿನ ಮೂರನೆಯ ಕ್ಯಾನುಲಾ ಜೋಡಿಸಿ ಆಪರೇಷನ್ ಮುಗಿಸಿದೆವು, ಹುಡುಗಿ ಚೆನ್ನಾಗಿ ಮನೆಗೆ ಹೋದಳು. ಈ ಬೆಳವಣಿಗೆಯನ್ನು ಲಂಡನ್ನಿನ ಜಾನ್ ಮಾರ್ಷಲ್ 1850ರಲ್ಲಿ ವಿವರಿಸಿದ್ದರು. ಮುದುಡಿದ ಎಳೆಗೆ ಅವರದೇ ಹೆಸರಿದೆ. ಹೃತ್ಕರ್ಣ ತಾಳ ತಪ್ಪುವ ಕಾಯಿಲೆಯಲ್ಲಿ ಈಗ ಆ ಎಳೆಯೊಳಕ್ಕೇ ಆಲ್ಕೊಹಾಲ್ ಹಾಯಿಸಿ ಚಿಕಿತ್ಸೆ ಮಾಡುತ್ತಾರೆ.

ಎಡ ಹೃತ್ಕುಕ್ಷಿಯ ಗೋಡೆಗೆ ಪೇಸ್‌ಮೇಕರಿನ ತಂತಿ ತಲುಪಿಸುವುದೂ ಈಗ ಇದೇ ದಾರಿಯಲ್ಲಿ. ಫ್ರಾನ್ಸಿನ ರೆನ್ ನಗರದ ಡೊಬೇರ್ ತಂಡ 1998ರಲ್ಲಿ ಇದನ್ನು ವಿವರಿಸಿತು. ಎದೆ ತೆರೆಯದೆ, ಕಾಲರ್ ಮೂಳೆಯ ಕೆಳಗಿನ ಅಭಿಧಮನಿಯಿಂದ ಹೊರಟ ತಂತಿ ಸೈನಸ್ ಹೊಕ್ಕು ಎಡಗೋಡೆಯ ಅಭಿಧಮನಿಯೊಂದರಲ್ಲಿ ಕೂರುತ್ತದೆ. ದಣಿದು ಹಿಗ್ಗಿದ ಎಷ್ಟೋ ಹೃದಯಗಳ ಎರಡೂ ಬದಿ ಇದರಿಂದ ಮತ್ತೆ ಒಟ್ಟಿಗೆ ಬಡಿಯುತ್ತಿವೆ.

ಬೆಕ್ ಕೂಡ ಮರಳಿ ಬಂದಿದ್ದಾರೆ, ಬೇರೆ ರೂಪದಲ್ಲಿ. ಬೈಪಾಸ್ಸಿಗೂ ಸ್ಟೆಂಟಿಗೂ ಸಿಗದ ಎದೆನೋವಿನವರಿಗಾಗಿ ಸೈನಸ್ಸಿನೊಳಗೆ ಇಡುವ ಒಂದು ಲೋಹದ ಜಾಲರಿ ಬಂದಿದೆ, ರೆಡ್ಯೂಸರ್ ಎನ್ನುತ್ತಾರೆ. ಇಸ್ರೇಲಿನ ಶ್ಲೋಮೊ ಬನಾಯ್ ಮತ್ತು ಜೊತೆಗಾರರು ಮೊದಲು ರೋಗಿಗಳಲ್ಲಿ ಇಟ್ಟರು. ಎರಡು ತುದಿ ಅಗಲ, ನಡು ಕಿರಿದು. ನಡುವಿನ ಅಗಲ 3 ಮಿಲಿಮೀಟರ್, ಬೆಕ್ ಎರಡನೆಯ ಹಂತದಲ್ಲಿ ಉಳಿಸುತ್ತಿದ್ದ ಅದೇ ಅಳತೆ. ಹೊರಹೋಗುವ ದಾರಿಯನ್ನು ಕೊಂಚ ಬಿಗಿದರೆ ಹಿಂದೆ ಒತ್ತಡ ಏರಿ, ರಕ್ತ ಕಡಿಮೆ ಬೀಳುವ ಒಳಪದರಕ್ಕೆ ಹರಿವು ಹಂಚಿಹೋಗಬೇಕು ಎನ್ನುವುದು ಎಣಿಕೆ. 2015ರಲ್ಲಿ 104 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಹೊರಬಂತು. ಜಾಲರಿ ಇಡಿಸಿಕೊಂಡ ರೋಗಿಗಳಲ್ಲಿ, ವೈದ್ಯರು ಇಟ್ಟಂತೆ ನಟಿಸಿ ಬಿಟ್ಟ ರೋಗಿಗಳಿಗಿಂತ ಹೆಚ್ಚು ಜನರ ನೋವು ಇಳಿದಿತ್ತು. 2024ರಲ್ಲಿ ಬ್ರಿಟನ್ನಿನ ತಂಡವೊಂದು ಎಂಆರ್‌ಐ ಹಿಡಿದು ರಕ್ತದ ಹರಿವನ್ನೇ ಅಳೆದು ನೋಡಿತು. ಸ್ನಾಯುವಿಗೆ ಸಿಗುವ ರಕ್ತ ಹೆಚ್ಚಾಗಿರಲಿಲ್ಲ. ನೋವಿನ ಸಂದರ್ಭಗಳು ಮಾತ್ರ ಈ ಸಲವೂ ಕಡಿಮೆಯಾಗಿದ್ದವು.